ಎಂಟರ್ ಕೀ ಮೇಲೆ ಬೋರಲು ಹಾಕಿದ ಮುಚ್ಚಳ

ಇವತ್ತು ವೈಟ್‌ಫೀಲ್ಡಿನ ಆಫೀಸಿನಲ್ಲಿ ಟರ್ಮಿನಲ್ ಎಂಬ ಕಪ್ಪು ಪರದೆ ತೆರೆದು, ಎಲ್ಲರೂ ಲಾಗಿನ್ ಆಗಿ ಕೆಲಸ ಮಾಡುವ ಸರ್ವರನ್ನು ನಿಲ್ಲಿಸುವ ಕಮಾಂಡ್ ಟೈಪ್ ಮಾಡಿದೆ. ತುದಿಯಲ್ಲಿ ಕರ್ಸರ್ ಮಿಣುಕುತ್ತಿದ್ದಂತೆ ಎಂಟರ್ ಕೀ ಮೇಲಿನಿಂದ ಬೆರಳು ತೆಗೆದೆ.

ನಾನು ಚಿಕ್ಕವಳಿದ್ದಾಗ ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನಿಂದ ಯಂತ್ರ ನಡೆಸುವ ಆಪರೇಟರ್. ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಪಕ್ಕ ಕೂತು ಪರದೆಯ ಹಸಿರು ಅಕ್ಷರ ನೋಡುವುದೇ ನನಗೆ ಸಿನಿಮಾ. ಲೋಹದ ತಗಡು ಒತ್ತುವ ದೊಡ್ಡ ಪ್ರೆಸ್ ಕೆಟ್ಟರೆ ಗದಗಿನ ಫಿಟ್ಟರ್ ಶಿವಪ್ಪ ಅದರೊಳಗೆ ನುಸುಳುತ್ತಿದ್ದ. ಅದಕ್ಕೆ ಮೊದಲು ತನ್ನ ತಂಬಾಕಿನ ಡಬ್ಬಿಯ ಮುಚ್ಚಳವನ್ನು ಎಂಟರ್ ಕೀ ಮೇಲೆ ಬೋರಲು ಹಾಕುತ್ತಿದ್ದ. ಅವನೇ ಬಂದು ತೆಗೆಯುವವರೆಗೆ ಅಪ್ಪನೂ ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ಶನಿವಾರ, ಶಿವಪ್ಪ ಬಂದೊಡನೆ ಒತ್ತಲೆಂದು ‘ಸ್ಟಾರ್ಟ್’ ಎಂದು ಟೈಪ್ ಮಾಡಿಟ್ಟು ಅಪ್ಪ ನೀರು ಕುಡಿಯಲು ಹೋದರು. ಮಿಣುಕುವ ಕರ್ಸರ್ ನನ್ನನ್ನೇ ಕರೆದಂತಿತ್ತು. ಮುಚ್ಚಳ ತೆಗೆದು ಕೀ ಮೇಲೆ ಬೆರಳಿಟ್ಟೆ.

“ಪುಟ್ಟೀ, ಕೈ ಹಂಗೇ ಮೇಲಕ್ಕೆತ್ತಮ್ಮ.”

ಹಿಂದೆ ಅಪ್ಪ ನಿಂತಿದ್ದರು. ಕೂಗಿದರೆ ಬೆಚ್ಚಿ ಒತ್ತಿಬಿಡುತ್ತೇನೆಂದು ಕೂಗಲಿಲ್ಲ. ಅವರ ದನಿ ಅಷ್ಟು ಮೆಲ್ಲಗಾದದ್ದನ್ನು ನಾನು ಕೇಳಿರಲೇ ಇಲ್ಲ. ಕೋಣೆಯ ಗಾಜಿನಾಚೆ ಪ್ರೆಸ್ಸಿನ ಬಾಯಿಂದ ಎರಡು ಕಾಲು ಚಾಚಿದ್ದವು.

ಅಪ್ಪ ಮುಚ್ಚಳವನ್ನು ಮತ್ತೆ ಅಲ್ಲೇ ಹಾಕಿದರು. ಸ್ವಲ್ಪ ಹೊತ್ತಿಗೆ ಶಿವಪ್ಪ ಬಂದು ಅದನ್ನೆತ್ತಿಕೊಂಡ. “ಯಾಕವ್ವಾ, ಅಳಾಕತ್ತೀ?” ಅಂದ.

ಈಗಿನ ಕಂಪ್ಯೂಟರಿನ ಬಣ್ಣದ ವಿಂಡೋಗಳು ‘ಖಚಿತವೇ?’ ಎಂದಾದರೂ ಕೇಳುತ್ತವೆ. ಈ ಕಪ್ಪು ಪರದೆ ಹೇಳಿದ್ದನ್ನು ಮಾಡಿಬಿಡುತ್ತದೆ. ನನಗೆ ಇದೇ ಇಷ್ಟ; ಇದರೆದುರು ಮೈಮರೆಯಲು ಆಗುವುದಿಲ್ಲ.

“ಮೇಡಂ, ಎಂಟರ್ ಒತ್ತಲ್ವಾ?” ಎಂದಳು ಪಕ್ಕದ ಹೊಸ ಹುಡುಗಿ.

“ತಡಿ, ಒಳಗೆ ಯಾರಾದ್ರೂ ಇದಾರಾ ನೋಡ್ತೀನಿ.”