ಠಾಣೆಯಲ್ಲಿದ್ದ ಹರಕೆಯ ಹುಂಜ

ನಮ್ಮ ಊರಿಗೆ ಬರುವ ಬೀಟ್ ಪೊಲೀಸರದ್ದು ಒಂದೇ ಪ್ರಶ್ನೆ. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಾರೆ: "ಕಳ್ಳತನ ಗಿಳ್ಳತನ ಎಂತಾದ್ರೂ ಉಂಟಾ?" ನಾವು "ಎಂತ ಇಲ್ಲ" ಎನ್ನುತ್ತೇವೆ. ಆಮೇಲೆ ಅವರಿಗೆ ಒಂದು ಲೋಟ ಮಜ್ಜಿಗೆ, ನಮಗೆ ಬೆಳ್ಳಾರೆ ಪೇಟೆಯ ಸುದ್ದಿ. ಊರಿನ ಕಾನೂನು ಸುವ್ಯವಸ್ಥೆ ಅಷ್ಟಕ್ಕೆ ಮುಗಿಯುತ್ತದೆ.

ಒಂದು ಸೋಮವಾರ ಮಾತ್ರ ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಆಚೆಯಿಂದಲೇ "ಉಂಟು!" ಎಂದುಬಿಟ್ಟರು.

ಪೊಲೀಸರಿಗೆ ಮಜ್ಜಿಗೆ ನೆತ್ತಿಗೆ ಹತ್ತಿತು.

ಕಳವಾದದ್ದು ದೊಡ್ಡಮ್ಮನ ಕೆಂಪು ಹುಂಜ. ಮೊಣಕಾಲು ನೋವು ಗುಣವಾದರೆ ಮನೆಯ ದೈವಕ್ಕೆ ಕೊಡುತ್ತೇನೆಂದು, ಅದು ಮರಿಯಾಗಿದ್ದಾಗಲೇ ಹರಕೆ ಹೇಳಿಕೊಂಡು ಸಾಕಿದ್ದು. ನೋವು ಗುಣವಾಗಿತ್ತು. ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ತಂಬಿಲ ಬರುವ ಭಾನುವಾರವೇ ಇತ್ತು.

"ಬೇರೆ ಕೋಳಿ ಕೊಟ್ರೆ ಆಗುದಿಲ್ವಾ ದೊಡ್ಡಮ್ಮ?" ಎಂದು ನಾನು ಬಾಯಿ ಹಾಕಿದೆ.

"ನಿನ್ನನ್ನು ತೋರಿಸಿ ನಿನ್ನ ತಮ್ಮನಿಗೆ ಮದುವೆ ಮಾಡಿಸಿದ್ರೆ ಹೆಣ್ಣಿನವರು ಸುಮ್ನೆ ಇರ್ತಿದ್ರಾ?"

ಪೊಲೀಸರು ಲೋಟ ಕೆಳಗಿಟ್ಟರು. "ಬಲಗಾಲಿಗೆ ಒಂದು ಬೆರಳು ಇಲ್ಲದ ಕೋಳಿಯಾ?"

"ಹೌದು. ಮುಂಗುಸಿ ಕಚ್ಚಿದ್ದು."

"ಅದು ನಮ್ಮ ಠಾಣೆಯಲ್ಲೇ ಉಂಟು."

ಹಿಂದಿನ ದಿನ ಅವರು ಗುಡ್ಡೆಯ ಹಿಂದೆ ನಡೆಯುತ್ತಿದ್ದ ಕೋಳಿ ಅಂಕಕ್ಕೆ ದಾಳಿ ಮಾಡಿದ್ದರಂತೆ. ಕೋಳಿ ಕಾದಿಸುತ್ತಿದ್ದವರೆಲ್ಲ ರಬ್ಬರ್ ತೋಟದೊಳಗೆ ಓಡಿದರು. ಕಾಲು ಕಟ್ಟಿದ್ದರಿಂದ ಓಡಲಾಗದೆ ಸಿಕ್ಕಿಬಿದ್ದದ್ದು ಕೋಳಿಗಳು.

"ಹಾಗಾದ್ರೆ ತಂದು ಕೊಡಿ" ಎಂದರು ದೊಡ್ಡಮ್ಮ.

"ಕೊಡುದು ಹೇಗೆ? ಇದು ನನ್ನ ಕೋಳಿ ಅಂತ ನೀವು ಹೇಳಿದ್ರೆ, ಅಂಕಕ್ಕೆ ತಂದದ್ದೂ ನೀವೇ ಅಂತ ಕೇಸಾಗ್ತದೆ."

"ಕದ್ದುಕೊಂಡು ಹೋದದ್ದು ಅಂತ ಬರ್ಕೊಳ್ಳಿ."

"ಬರ್ಕೊಂಡ್ರೆ ಆ ಕೋಳಿ ಎರಡು ಕೇಸಿಗೆ ಸಾಕ್ಷಿ. ನಿಮ್ಮ ತಂಬಿಲ ಮತ್ತೆ ಬರುವ ವರ್ಷಕ್ಕೇ. ಶುಕ್ರವಾರ ಕೋರ್ಟಿನ ಆರ್ಡರ್‌ನಲ್ಲಿ ಹರಾಜು ಉಂಟು ದೊಡ್ಡಮ್ಮ. ಸುಮ್ನೆ ಬಂದು ಕೂಗಿ, ತೆಗೊಂಡು ಹೋಗಿ."

ಶುಕ್ರವಾರ ನಾನೂ ಜೊತೆಗೆ ಹೋದೆ. ಠಾಣೆಯ ಜಗಲಿಯಲ್ಲಿ ಒಂದೊಂದು ಕಂಬಕ್ಕೆ ಒಂದೊಂದು ಹುಂಜವನ್ನು ಒಂದಕ್ಕೊಂದು ಬೆನ್ನು ಮಾಡಿ ಕಟ್ಟಿದ್ದರು. ಎದುರುಬದುರು ಕಟ್ಟಿದರೆ ಠಾಣೆಯೊಳಗೇ ಅಪರಾಧ ಮುಂದುವರಿಯುತ್ತಿತ್ತು. ಹರಾಜಿಗೆ ಬಂದವರ ಮೊಣಕೈಯಲ್ಲಿ, ಮುಖದಲ್ಲಿ ಮುಳ್ಳು ಗೀರಿದ ಗಾಯ ಇನ್ನೂ ಒಣಗಿರಲಿಲ್ಲ. "ಈ ಕೋಳಿಗಳನ್ನು ಇವತ್ತೇ ನೋಡುದು ಸರ್" ಎನ್ನುತ್ತಲೇ ಒಬ್ಬೊಬ್ಬರೂ ತಪ್ಪದೆ ತಮ್ಮ ತಮ್ಮ ಕೋಳಿಯನ್ನೇ ಕೂಗಿ ಕೊಂಡರು. ಕೋಳಿಗಳೂ ಗುರುತಿನವರ ಕಂಕುಳಲ್ಲಿ ಹಾಯಾಗಿ ಕೂತವು.

ಕೆಂಪು ಹುಂಜದ ಸರದಿ ಬಂದಾಗ ದೊಡ್ಡಮ್ಮ ಕೂಗಿದರು. ಬೇರೆ ಯಾರೂ ಕೂಗಲಿಲ್ಲ.

"ಒಬ್ರೇ ಕೂಗಿದ್ರೆ ಹರಾಜು ಆಗುದಿಲ್ಲ. ಇನ್ನೊಬ್ರು ಬೇಕು, ಇಲ್ಲದಿದ್ರೆ ಮುಂದಿನ ವಾರ" ಎಂದರು ಹರಾಜು ನಡೆಸುತ್ತಿದ್ದ ಠಾಣೆಯ ಸಾಹೇಬರು.

"ದೈವದ ಕೋಳಿಗೆ ಎದುರು ಕೂಗ್ಲಿಕ್ಕೆ ನಮ್ಗೆಂತ ಮಂಡೆ ಸರಿ ಇಲ್ವಾ ಸರ್?" ಎಂದು ಗೀರುಮುಖದವನೊಬ್ಬ ಹಿಂದೆ ಸರಿದ.

ಬೀಟ್ ಪೊಲೀಸರು ನನ್ನ ಮುಖ ನೋಡಿದರು. ತಂಬಿಲ ಉಳಿಯಲಿ ಎಂದು ನಾನು ಹತ್ತು ರೂಪಾಯಿ ಮೇಲೆ ಕೂಗಿದೆ.

ದೊಡ್ಡಮ್ಮ ಗರಕ್ಕನೆ ತಿರುಗಿದರು. "ನನ್ನ ಕೋಳಿ ಮೇಲೆ ನಿನಗೂ ಕಣ್ಣಾ?"

"ಅಲ್ಲ ದೊಡ್ಡಮ್ಮ, ನೀವು ಇನ್ನೂ ಮೇಲೆ ಕೂಗಿ!"

"ಕೂಗುದಿಲ್ಲ. ನನ್ನದೇ ಕೋಳಿಗೆ ನಾನು ಎಷ್ಟು ಸಲ ಕೂಗುದು? ನೀನೇ ತೆಗೊ. ದೈವ ನೋಡಿಕೊಳ್ಳಲಿ."

ಸಾಹೇಬರು ಮೇಜು ಕುಟ್ಟಿದರು. ಹುಂಜ ನನ್ನದಾಯಿತು.

ಬಸ್ಸಿನಲ್ಲಿ ಅದನ್ನು ದೊಡ್ಡಮ್ಮನ ಮಡಿಲಿಗೆ ಇಡಲು ಹೋದೆ. ಅವರು ಕೈ ಅಡ್ಡ ಹಿಡಿದರು. "ರಸೀದಿ ನಿನ್ನ ಹೆಸರಿಗೆ ಉಂಟು. ಪುಕ್ಕಟೆ ಸಿಕ್ಕಿದ್ದನ್ನು ಕೊಟ್ರೆ ಅದು ನನ್ನ ಹರಕೆಯಾ, ನಿನ್ನದಾ?"

"ಹಾಗಾದ್ರೆ ದುಡ್ಡು ಕೊಡಿ."

"ಆಗ ಅದು ಕ್ರಯಕ್ಕೆ ತಂದ ಕೋಳಿ. ನಾನು ಹೇಳಿಕೊಂಡದ್ದು ಸಾಕಿದ ಕೋಳಿ." ಹುಂಜದ ಬೆನ್ನು ಸವರಿದರು. "ಅದು ಹೇಗೆ ಹೋಯ್ತೋ ಹಾಗೆಯೇ ಬರ್ಬೇಕು."

ಇಳಿಯುವ ಹೊತ್ತಿಗೆ ಕೇಳಿದರು: "ನಾಳೆ ನೀನು ಮನೇಲಿ ಇರ್ತೀಯಾ?"

"ಇರ್ತೇನೆ."

"ಎಂತಕ್ಕೆ ಇರುದು? ಬೆಳ್ಳಾರೆಗೆ ಹೋಗಿ ಬಾ."

ಹೋದೆ. ಕೆಲಸವಿಲ್ಲದೆ ಹೋಟೆಲಿನಲ್ಲಿ ಕೂತು ಚಾ ಕುಡಿದೆ, ಒಂದೇ ಪೇಪರನ್ನು ಎರಡು ಸಲ ಓದಿದೆ. ಹಿಂದಿರುಗಿ ಬಂದಾಗ ಹುಂಜವನ್ನು ಬಿಟ್ಟಿದ್ದ ನನ್ನ ಕೋಳಿಗೂಡು ಖಾಲಿ. ಕದ್ದವರು ಬಾಗಿಲಿಗೆ ಚಿಲಕ ಹಾಕಿ, ಕೆಳಗೆ ಚೆಲ್ಲಿದ್ದ ಅಕ್ಕಿಯನ್ನೂ ಗುಡಿಸಿ ಹೋಗಿದ್ದರು.

ಅಷ್ಟರಲ್ಲೇ ಬೈಕ್ ಬಂತು. "ಕಳ್ಳತನ ಗಿಳ್ಳತನ ಎಂತಾದ್ರೂ ಉಂಟಾ?"

"ಎಂತ ಇಲ್ಲ" ಎಂದೆ.

ಬೇಲಿಯಾಚೆ ಹುಂಜ ಗಂಟಲು ಬಿಟ್ಟು ಕೂಗಿತು. ಪೊಲೀಸರು ನನ್ನ ಖಾಲಿ ಗೂಡನ್ನು ನೋಡಿದರು, ಬೇಲಿಯನ್ನು ನೋಡಿದರು, ಮಜ್ಜಿಗೆಯನ್ನು ಗಟಗಟ ಕುಡಿದರು.

ದೊಡ್ಡಮ್ಮ ತಲೆ ಹೊರಗೆ ಹಾಕಿದರು. "ನಾಳೆ ತಂಬಿಲ ಪೊಲೀಸರೇ. ಊಟಕ್ಕೆ ಬನ್ನಿ, ಕೋಳಿ ರೊಟ್ಟಿ ಉಂಟು."

"ಬರ್ತೇನೆ ದೊಡ್ಡಮ್ಮ" ಎಂದು ಅವರು ಹೆಲ್ಮೆಟ್ ಹಾಕಿಕೊಂಡರು. "ಆದ್ರೆ ಯೂನಿಫಾರ್ಮ್ ಹಾಕಿ ಬರುದಿಲ್ಲ."