ಪಾಪಮ್ಮ ಹೂತಿಟ್ಟ ಮೊಟ್ಟೆಗಳು

ಕೊಂಡಪ್ಪ ಮಾವಿನಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷವೇ ಅವನ ಹೆಂಡತಿ ಪಾಪಮ್ಮ ಒಣಮೀನಿನ ವ್ಯಾಪಾರಕ್ಕಿಳಿದಳು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೃಷ್ಣಗಿರಿಯಿಂದ ಬಸ್ಸು ಹತ್ತಿ, ತಿರುವಣ್ಣಾಮಲೆಯಲ್ಲಿ ಬಸ್ಸು ಬದಲಾಯಿಸಿ ಕಡಲೂರಿಗೆ ಹೋಗುವಳು. ಅಲ್ಲಿ ಸಮುದ್ರದ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಕನಕಮ್ಮ ಮೂಟೆ ಕಟ್ಟಿಕೊಡುವಳು. ಅದನ್ನು ತಂದು ರಾಯಕೋಟೆ, ಕೃಷ್ಣಗಿರಿ ಸಂತೆಗಳಲ್ಲಿ ಮಾರಿ ಪಾಪಮ್ಮ ಗಂಡನನ್ನೂ ಮಗಳನ್ನೂ ಸಾಕಿದಳು.

ಮೊದಮೊದಲು ಅಂಗೈಯಗಲದ ಮೀನು ಸಿಗುತ್ತಿತ್ತು. ಆಮೇಲೆ ಸಮುದ್ರದ ತಳವನ್ನೇ ಗೋರುವ ಇಂಜಿನ್ ದೋಣಿಗಳು ಹೆಚ್ಚಾದವು. ವರ್ಷ ಕಳೆದಂತೆ ಮೂಟೆಯೊಳಗಿನ ಮೀನು ಬೆರಳಿನಷ್ಟಾಯಿತು. ಒಮ್ಮೆ ದಂಡೆಯಲ್ಲಿ ಕೂತು ಅಂಥದೊಂದು ಹಸಿಮೀನು ಸೀಳಿದರೆ ಹೊಟ್ಟೆ ತುಂಬ ಮೊಟ್ಟೆ. ಬೆಳೆಯಲು ಯಾರೂ ಬಿಡುವುದಿಲ್ಲವಲ್ಲ, ಅದಕ್ಕೇ ಈಗೀಗ ಎಳೆಯವೇ ಮೊಟ್ಟೆ ಕಟ್ಟುತ್ತಿವೆ ಎಂದಳು ಕನಕಮ್ಮ. ಹದಿನಾಲ್ಕಕ್ಕೇ ಹೆತ್ತು ಆ ಕೂಸನ್ನು ಕಳೆದುಕೊಂಡಿದ್ದ ಪಾಪಮ್ಮನಿಗೆ ಅವತ್ತು ಊಟ ಸೇರಲಿಲ್ಲ.

ಎಂಬತ್ಮೂರರ ಮಾಘದಲ್ಲಿ ಹೋದಾಗ, ಕೋಳಿ ಮೇವಿಗೆಂದು ಗುಡ್ಡೆ ಹಾಕಿದ್ದ ಪುಡಿಮೀನಿನ ರಾಶಿಯ ಪಕ್ಕ ದೊಡ್ಡದೊಂದು ಕಡಲಾಮೆ ಅಂಗಾತ ಬಿದ್ದಿತ್ತು. ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿತ್ತು, ಸತ್ತಿರಲಿಲ್ಲ. ಮೊಟ್ಟೆಯಿಡಲು ದಂಡೆಗೆ ಬರುತ್ತಿದ್ದ ಬಸುರಿ ಅದು.

"ಸ್ವಾಮಿ ಕೂರ್ಮಾವತಾರ ಕಣಮ್ಮ ಇದು, ಇಂಗ್ ಬುಟ್ಬುಟ್ಟು ಹೋಗಾಕಾಯ್ತದಾ? ಹಿಡ್ಕೊ," ಎಂದಳು ಪಾಪಮ್ಮ.

ಇಬ್ಬರೂ ಸೇರಿ ಆಮೆಯನ್ನು ಮಗುಚಿ, ಹಳೇ ಸೀರೆ ಸುತ್ತಿ ನೀರಿಗೆಳೆದರು. ಅಲೆ ಅದನ್ನು ತಿರುಗಿ ದಡಕ್ಕೆಸೆಯಿತು. ಮತ್ತೆ ಎದೆಮಟ್ಟ ನೀರಿಗೆ ನೂಕಿದರು. ಈಜು ಬಾರದ ಪಾಪಮ್ಮ ಉಪ್ಪುನೀರು ಕುಡಿದು ಮುಗ್ಗರಿಸಿದಳು, ಕೈ ಮಾತ್ರ ಬಿಡಲಿಲ್ಲ. ಆಮೆಯ ಕಾಲುಗಳು ಒಂದಿಷ್ಟು ಆಡಿ ನಿಂತುಹೋದವು. ದಡಕ್ಕೆ ತಂದು, ಮೊಟ್ಟೆಗಳಾದರೂ ಉಳಿಯಲೆಂದು ಕನಕಮ್ಮನೇ ಅಳುತ್ತ ಕತ್ತಿಯಿಂದ ಹೊಟ್ಟೆ ಸೀಳಿದಳು. ಒಳಗಿದ್ದ ಬಿಳಿ ಮೊಟ್ಟೆಗಳನ್ನು ಪಾಪಮ್ಮ ಮಡಿಲಿಗೆ ಹಾಕಿಕೊಂಡು, ಒಣ ಮರಳಿನಲ್ಲಿ ಮೊಳಕೈ ಆಳಕ್ಕೆ ಹೂತು, ಸುತ್ತ ಮುಳ್ಳು ನೆಟ್ಟಳು. ನಾಯಿ ಬಾರದಂತೆ ನೋಡಿಕೊ ಎಂದು ಕನಕಮ್ಮನಿಗೆ ಕೈಮುಗಿದು ಬಸ್ಸು ಹತ್ತಿದಳು.

ಊರಲ್ಲಿ ದಿನಾ ಅದೇ ಯೋಚನೆ. ಸಂತೆಯಲ್ಲಿ ತೂಕ ತಪ್ಪುತ್ತಿದ್ದಳು. ಬೇಸಿಗೆ ಕಾವೇರಿದ ಮೇಲೆ ಕಡಲೂರಿಗೆ ಹೋದಳು. ಕನಕಮ್ಮ ಎದುರಿಗೆ ಬಂದಳು.

"ಬದುಕಿದ್ವಾ?" ಎಂದಳು ಪಾಪಮ್ಮ.

ಕೆಲವು ಬದುಕಿದ್ದವು. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿದ್ದ ಕಡೆಯೇ ಸಮುದ್ರವೆಂದು ತಿಳಿದು, ದಡದಾಚೆ ಹೊಸದಾಗಿ ಹಾಕಿದ್ದ ರಸ್ತೆ ದೀಪಗಳ ಕಡೆಗೆ ಹರಿದಿದ್ದವು. ಬೆಳಿಗ್ಗೆ ಕನಕಮ್ಮ ಎದ್ದು ನೋಡುವಾಗ ಲಾರಿಗಳು ಅವುಗಳ ಮೇಲೆ ಓಡಾಡಿ ಹೋಗಿದ್ದವು.

ಪಾಪಮ್ಮ ಮರಳಿನಲ್ಲಿ ಕೂತುಬಿಟ್ಟಳು. ಮುಳ್ಳು ನೆಟ್ಟೆ, ದೀಪದ ಕಡೆ ನೋಡಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡಳು. ಅಂದು ಸಿಕ್ಕಿದ್ದೂ ಕೋಳಿ ಮೇವಿನ ಪುಡಿಮೀನೇ. ಮನೆಯಲ್ಲಿ ಒಲೆ ಉರಿಯಬೇಕಿತ್ತು, ಅದನ್ನೇ ಮೂಟೆ ಕಟ್ಟಿಸಿಕೊಂಡಳು.

ಮರುವರ್ಷ ಒಣಗಿಸಲು ಮೀನಿಲ್ಲದೆ ಕನಕಮ್ಮ ಮನೆಗೆಲಸ ಹುಡುಕಿಕೊಂಡು ಮದ್ರಾಸಿಗೆ ಹೋದಳು. ಪಾಪಮ್ಮ ಹುಣಸೆಹಣ್ಣು ಕುಟ್ಟುವ ಕೂಲಿಗೆ ಸೇರಿದಳು. ಕಡಲು ಹೇಗಿರುತ್ತದೆ ಎಂದು ಮಗಳು ಕೇಳಿದರೆ, "ನಂಗೊತ್ತಿಲ್ಲ ಕಣೆ," ಎಂದು ಎದ್ದು ಹೋಗುತ್ತಿದ್ದಳು.