ಬೇಲಿಯಾಚೆಯ ಕೋವಿ

ಅರವತ್ತೆರಡರ ದೀಪಾವಳಿಗೆ ನಾನು ಹೆಂಡತಿಯನ್ನು ಕರೆದುಕೊಂಡು ಹೊಸನಗರದ ಹತ್ತಿರದ ಮಾವನ ಮನೆಗೆ ಹೋದಾಗ ಚೀನಾ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ಆಗ ನಾನು ಸಾಗರದಲ್ಲಿ ದಿನಪತ್ರಿಕೆಯೊಂದರ ಬಾತ್ಮೀದಾರ. ಶರಾವತಿ ಅಣೆಕಟ್ಟಿನ ಕೆಲಸ, ಮುಳುಗಡೆಯಾಗುವ ಹಳ್ಳಿಗಳ ತಕರಾರು, ಅಡಿಕೆ ಧಾರಣೆ, ಇಷ್ಟೇ ನನ್ನ ಸುದ್ದಿ. ಆದರೆ ಮಾವನ ಮನೆಯ ಜಗಲಿಯಲ್ಲಿ ದೆಹಲಿ, ಪೀಕಿಂಗುಗಳಿಗೂ ನಾನೇ ಉತ್ತರ ಹೇಳಬೇಕಿತ್ತು.

ಮಾವ ಗದ್ದೆ ಮಾಡಿಸುವವರು, ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು. ಓದಿದ್ದು ಕಡಿಮೆ, ಕೇಳುವ ಹಸಿವು ದೊಡ್ಡದು. ನನ್ನ ಮದುವೆಯಾದ ಮೊದಲ ವರ್ಷಗಳಲ್ಲಿ ಆ ಹಸಿವಿಗೆ ಬಡಿಸುತ್ತಿದ್ದವನು ನಾನೊಬ್ಬನೇ. ಎತ್ತು ಕೊಳ್ಳುವುದಿದ್ದರೂ, ಓಟು ಯಾರಿಗೆಂದು ತೀರ್ಮಾನಿಸುವುದಿದ್ದರೂ ‘ಪೇಪರ್ನೋರು ಬರ್ಲಿ, ಕೇಳನ’ ಎನ್ನುತ್ತಿದ್ದರಂತೆ. ಪತ್ರಿಕೆಯಲ್ಲಿ ನನ್ನ ಹೆಸರು ಎಂದೂ ಅಚ್ಚಾಗುತ್ತಿರಲಿಲ್ಲ. ನಾನು ಹೆಸರಿನ ಮನುಷ್ಯನಾಗಿದ್ದುದು ಆ ಜಗಲಿಯಲ್ಲಿ ಮಾತ್ರ.

ಆ ವರ್ಷದ ಬೇಸಿಗೆಯಲ್ಲಿ ನಾದಿನಿಗೆ ಮದುವೆಯಾಯಿತು. ಹೀಗೆ ಬಂದ ನನ್ನ ಷಡ್ಡಕ ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದ. ನನಗಿಂತ ಚಿಕ್ಕವನು, ದನಿ ಏರಿಸದವನು, ಊಟವಾದ ಮೇಲೆ ತನ್ನ ಎಲೆಯನ್ನು ತಾನೇ ಎತ್ತುವವನು. ಅವನ ಬಗ್ಗೆ ಆಡಬಹುದಾದ ಒಂದು ಕೆಟ್ಟ ಮಾತಿಗಾಗಿ ನಾನು ಸಾಕಷ್ಟು ಹುಡುಕಿದ್ದೇನೆ, ಸಿಗಲಿಲ್ಲ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಣಗಿದ ಸೌದೆ ಬೇಕಿಲ್ಲ.

ಆ ದೀಪಾವಳಿಯಲ್ಲಿ ಮಾವನಿಗೆ ತಮ್ಮದೇ ಒಂದು ಗಡಿಯ ಚಿಂತೆ ಇತ್ತು. ಬೇಲಿಯಾಚೆಯ ಗದ್ದೆ ಹಿಂದೆ ಮಾವನ ಚಿಕ್ಕಪ್ಪನದು. ಅದನ್ನು ಗೇಣಿಗೆ ಮಾಡುತ್ತಿದ್ದವನೇ ಈಚೆಗೆ ಕೊಂಡು ಒಡೆಯನಾಗಿದ್ದ. ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತವೆಂದು ಅವನು ಲೈಸೆನ್ಸ್ ಮಾಡಿಸಿ ಕೋವಿಯನ್ನೂ ತಂದಿದ್ದ. ಹಬ್ಬಕ್ಕೆ ವಾರವಿರುವಾಗ ಒಂದು ಸಂಜೆ, ಗುಂಡು ತಗುಲಿದ ಹಂದಿಯ ಬೆನ್ನು ಹತ್ತಿ ಅವನು ಬೇಲಿ ದಾಟಿ ಮಾವನ ಗದ್ದೆಯೊಳಗೆ ಬಂದಿದ್ದಾನೆ. ಅಂಚಿನ ಮೇಲೆ ನಿಂತಿದ್ದ ಮಾವನಿಗೆ ಹಂದಿ ಕಾಣಲಿಲ್ಲ. ಕೋವಿ ಹಿಡಿದು ತಮ್ಮ ನೆಲಕ್ಕೆ ಕಾಲಿಟ್ಟ ಮನುಷ್ಯ ಮಾತ್ರ ಕಂಡ.

“ನಂಗೂ ಒಂದು ಕೋವಿ ಬೇಕು,” ಎಂದರು ಮಾವ ನನಗೆ. “ಲೈಸೆನ್ಸ್ ಕೊಡೋ ಅಮಲ್ದಾರ್ರು ನಿಮ್ಮ ಮಾತು ಕೇಳ್ತಾರೆ. ಒಂದು ಮಾತು ಹೇಳಿ.”

ಅಮಲ್ದಾರರು ನನ್ನ ಮಾತು ಕೇಳುತ್ತಿದ್ದರೆಂಬುದು ಅರ್ಧ ನಿಜ, ಅದನ್ನು ತಿದ್ದಬೇಕೆಂದು ನನಗೆ ಅನ್ನಿಸಲಿಲ್ಲ. ಲೈಸೆನ್ಸ್ ಕೊಡಿಸುವುದು ರಾಜ್ಯಶಾಸ್ತ್ರದ ಎಂ.ಎ.ಗೆ ಸಾಧ್ಯವಿಲ್ಲದ ಕೆಲಸ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಆಗಲಿ ಎಂದೆ.

ಹಬ್ಬದ ಊಟ ಮುಗಿಸಿ ಮೂವರೂ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದೆವು. ಮಾವ ಕೋವಿಯ ವಿಷಯವನ್ನು ಮೇಷ್ಟರಿಗೂ ಹೇಳಿದರು. ಅವನು ಅಡಿಕೆ ಕತ್ತರಿಸುತ್ತಲೇ ಕೇಳಿದ.

“ಅವ್ನು ಕೋವಿ ತಂದಿದ್ದು ಹಂದಿಗೆ ಅಲ್ವಾ ಮಾವ?”

“ಹಂಗಂತಾನೆ.”

“ನೀವು ತಂದ್ರೆ ಅದು ಯಾವುದಕ್ಕೆ ಅಂತ ಅವ್ನು ತಿಳ್ಕೊಳ್ತಾನೆ?”

ನಾನು ಬಾಯಿ ಹಾಕಿದೆ. “ಚೀನಾದೋರ ಜೊತೆ ಪಂಚಶೀಲ ಪಂಚಶೀಲ ಅಂತ ನಂಬ್ಕೊಂಡು ಕೂತಿದ್ದಕ್ಕೆ ಏನಾಯ್ತು ಅಂತ ದಿನಾ ಬರೀತಿದೀವಲ್ಲ ಮೇಷ್ಟ್ರೇ. ಕೈಯಲ್ಲಿ ಆಯುಧ ಇಲ್ದೋನ ಮಾತಿಗೆ ಬೆಲೆ ಇಲ್ಲ.”

“ಹೌದು ಅಣ್ಣ. ಹಾಗೆ ಹೇಳಿದೋರು ಎರಡು ಸಾವಿರ ವರ್ಷದಿಂದ ಇದಾರೆ. ಪಕ್ಕದ ರಾಜ ಸಹಜವಾಗೇ ಶತ್ರು, ಅವ್ನ ಆಚೆ ಇರೋನು ಮಿತ್ರ ಅಂತ ನಮ್ಮ ಹಳೇ ರಾಜನೀತೀಲೇ ಇದೆ.”

“ಹಂಗಾದ್ರೆ ಇವ್ನ ಗದ್ದೆ ದಾಟಿ ಹೊಳೆ ಆಚೆ ಇರೋನು ನಂಗೆ ಮಿತ್ರ ಆಗ್ಬೇಕಿತ್ತು,” ಎಂದರು ಮಾವ. “ಅವ್ನು ನನ್ನ ಎತ್ತಿನ ಕಾಲು ಮುರ್ದೋನು.”

ಷಡ್ಡಕ ನಕ್ಕ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಚಿಂತಕನಿದ್ದ. ಮೇಲೆ ದೊರೆ ಇಲ್ಲದ ಕಡೆ ಮನುಷ್ಯ ಮನುಷ್ಯನಿಗೆ ಹೆದರುತ್ತಾನೆ ಎಂದ. ಕೆಟ್ಟವನಾದ್ದರಿಂದಲ್ಲ, ಹೆದರಿದ್ದರಿಂದ ಮೊದಲು ಕೈ ಎತ್ತುತ್ತಾನೆ. ರಾಜ್ಯ ರಾಜ್ಯಗಳ ನಡುವೆ ಎಂದೂ ಇದೇ ಸ್ಥಿತಿ, ಏಕೆಂದರೆ ಅವುಗಳ ಮೇಲೆ ದೊರೆಯಿಲ್ಲ. ಆಮೇಲೆ ಜರ್ಮನಿಯಲ್ಲಿ ಇನ್ನೊಬ್ಬ ಬಂದ. ಇದು ನಿಜವೇ, ಆದರೆ ಶಾಂತಿ ಮಳೆಯ ಹಾಗೆ ತಾನಾಗಿ ಬರುವುದಿಲ್ಲ, ಮನೆಯ ಹಾಗೆ ಕಟ್ಟಬೇಕು ಎಂದ. ಕಟ್ಟುವುದಕ್ಕೆ ನಿಯಮ ಬೇಕು, ನಿಯಮ ಮುರಿದವನು ಯಾರೆದುರು ತಲೆ ಎತ್ತಲಾರನೋ ಅಂಥ ನಾಲ್ಕು ಜನರ ಕೂಟ ಬೇಕು.

“ಆ ಇಂಗ್ಲೆಂಡಿನೋನಿಗೂ ಬೇಲಿ ತಗಾದೆ ಇತ್ತಾ?” ಎಂದರು ಮಾವ.

“ಅವ್ರಲ್ಲಿ ರಾಜನ ತಲೆ ಕಡಿಯೋವರೆಗೂ ಹೋಗಿತ್ತು ಮಾವ.”

“ಅಬ್ಬ! ಹಂಗಾರೆ ತಿಳ್ದೋನೇ.”

ಮಾವ ಕುಳಿತಲ್ಲೇ ಅವನತ್ತ ತಿರುಗಿದರು. ಈಗ ನನಗೆ ಅವರ ಬೆನ್ನಿನ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ನಾನು ಅದೇ ವಿಷಯ ಹೇಳಿದ್ದರೆ ನಾಲ್ಕು ವಾಕ್ಯದಲ್ಲಿ ಮುಗಿಸುತ್ತಿದ್ದೆ, ಅವರು ಎದ್ದು ದನಕ್ಕೆ ಹುಲ್ಲು ಹಾಕಿಸಲು ಹೋಗುತ್ತಿದ್ದರು.

“ಗಡೀಲಿ ಇದ್ಯಾವುದೂ ನಡೀಲಿಲ್ಲವಲ್ಲ,” ಎಂದೆ ನಾನು.

“ಗಡೀಲಿ ಆ ನಾಲ್ಕು ಜನ ಇಲ್ಲ ಅಣ್ಣ. ಇಲ್ಲಿ ಇದಾರೆ. ಶಿಕಾರಿಗೆ ಹೋಗೋರು.”

ಆ ಊರಿನಲ್ಲಿ ಹಂದಿ ಬೇಟೆಗೆ ಪಾಲಿನ ಕಟ್ಟಳೆ ಇತ್ತು. ಹೊಡೆದ ಕೋವಿಗೊಂದು ಪಾಲು, ಗದ್ದಲ ಮಾಡಿ ಹಂದಿ ಎಬ್ಬಿಸಿ ಸೋವಿದವರಿಗೆ ತಲೆಗೊಂದು ಪಾಲು, ನಾಯಿಗೂ ಪಾಲು. ಪಾಲು ತಪ್ಪಿಸಿದವನನ್ನು ಮುಂದೆ ಯಾರೂ ಬೇಟೆಗೆ ಕರೆಯುತ್ತಿರಲಿಲ್ಲ. ಅದು ಪೊಲೀಸು, ಕೋರ್ಟುಗಳಿಗಿಂತ ದೊಡ್ಡ ಶಿಕ್ಷೆ. ಷಡ್ಡಕ ಅದಕ್ಕೆ ಒಂದೇ ಒಂದು ಹೊಸ ನಿಯಮ ಸೇರಿಸಬೇಕೆಂದ. ಪೆಟ್ಟು ತಿಂದ ಹಂದಿ ಬೇಲಿ ದಾಟಿದರೆ ಕೋವಿಯವನೂ ದಾಟಲಿ, ಆದರೆ ದಾಟುವ ಮುಂಚೆ ಕೂಗು ಹಾಕಬೇಕು, ಈಚೆಯಿಂದ ಮರುಕೂಗು ಬಂದ ಮೇಲೆ ಕಾಲಿಡಬೇಕು. ಹಂದಿ ಯಾರ ನೆಲದಲ್ಲಿ ಬಿತ್ತೋ ಆ ನೆಲದವನಿಗೂ ಒಂದು ಪಾಲು.

“ಕೆಳದಿಯವ್ರು ಬದುಕಿದ್ದು ಹೇಗೆ ಮಾವ? ಒಂದು ಕಡೆ ಬಿಜಾಪುರ, ಒಂದು ಕಡೆ ಪೋರ್ಚುಗೀಸ್ರು, ಇನ್ನೊಂದು ಕಡೆ ಮೈಸೂರು. ಕವಲೇದುರ್ಗದಂಥ ಕೋಟೆನೂ ಕಟ್ಟಿದ್ರು, ಮಾತುಕತೆಗೆ ಜನಾನೂ ಕಳಿಸ್ತಿದ್ರು.”

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮಾವನ ಹಿರಿಯರು ಕೆಳದಿಯವರ ದಂಡಿನಲ್ಲಿದ್ದರೆಂದು ಅವರ ಮನೆಯಲ್ಲಿ ಮಾತಿತ್ತು. ಇದಕ್ಕೆ ಆಧಾರವಿಲ್ಲವೆಂದು ನಾನು ಹಿಂದೊಮ್ಮೆ ಹೇಳಿದ್ದೆ.

ಮಾವ ಎಲೆಅಡಿಕೆ ಉಗಿದು ಬಂದು ಕೂತರು. “ಪೇಪರ್ನೋರೇ, ಅಮಲ್ದಾರ್ರಿಗೆ ಈಗ್ಲೇ ಹೇಳೋದು ಬ್ಯಾಡ,” ಎಂದರು.

ಮರುದಿನ ಬೆಳಿಗ್ಗೆ ಬೇಟೆಯ ಗುಂಪಿನವರ ಎದುರಿಗೆ ಬೇಲಿಯ ಹತ್ತಿರ ಮಾತಾಯಿತು, ಕೂಗಿನ ನಿಯಮಕ್ಕೆ ಎಲ್ಲರೂ ಒಪ್ಪಿದರು. ನಾನೂ ಹೋಗಿದ್ದೆ. ನೆರೆಯವನು ಕೋವಿ ಮನೆಯಲ್ಲೇ ಬಿಟ್ಟು ಬಂದಿದ್ದ. “ನಂಗೇನು ಮರ್ಲಾ ಗೌಡ್ರೇ, ಹಂದಿ ಬಿಟ್ಟು ನಿಮಗೆ ಹೊಡಿಯಾಕೆ?” ಎಂದ. “ನಿಮ್ಮ ಹತ್ರನೂ ಕೋವಿ ಬತ್ತದೆ ಅಂತ ಕೇಳಿ ನಾನೇ ಎರಡು ದಿನ ಗದ್ದಿಗೆ ಇಳ್ದಿಲ್ಲ.” ಎಲ್ಲರೂ ನಕ್ಕರು. ಷಡ್ಡಕ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮುಂದಿನ ತಿಂಗಳು, ಕುಯ್ಲಿಗೆ ಮುಂಚೆ, ಹೆಂಡತಿಯನ್ನು ಕರೆದುಕೊಂಡು ಮತ್ತೆ ಹೋದೆ. ಅಷ್ಟರಲ್ಲಿ ಗಡಿಯಲ್ಲಿ ಗುಂಡು ನಿಂತಿತ್ತು, ನಿಂತ ರೀತಿ ಯಾರಿಗೂ ಖುಷಿ ಕೊಟ್ಟಿರಲಿಲ್ಲ. ಷಡ್ಡಕ ಬಂದಿರಲಿಲ್ಲ, ಶಾಲೆಯಲ್ಲಿ ಪರೀಕ್ಷೆ. ನನಗೆ ಅದು ಸಂತೋಷದ ಸುದ್ದಿ.

ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಬೇಲಿಯಾಚೆ ಗುಂಡು ಹಾರಿತು. ಮಾವ ಲೋಟ ಕೆಳಗಿಟ್ಟು ಅಂಗಳಕ್ಕೆ ಇಳಿದರು. ನಾನೂ ಇಳಿದೆ. ನಮ್ಮ ಗದ್ದೆಯ ಮೂಲೆಯಲ್ಲಿ ಭತ್ತದ ತೆನೆಗಳು ಅಲುಗಾಡಿ ಒಂದು ಸೀಳಿನ ಹಾಗೆ ಬಾಯಿ ಬಿಟ್ಟವು. ಹಂದಿ ಈಚೆಗೆ ಬಂದಿತ್ತು. ಬೇಲಿಯ ಹತ್ತಿರ ನೆರೆಯವನ ತಲೆಯ ವಸ್ತ್ರ ಕಾಣಿಸಿತು. ಮಾವ ಬೇಲಿಯತ್ತ ಕಿವಿಗೊಟ್ಟು ನಿಂತರು. ಸದ್ದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ಕಸುಬಾದ್ದರಿಂದ ಇದನ್ನೂ ಬರೆಯಬೇಕು: ಆ ಕ್ಷಣ ನಾನು ಬಯಸಿದ್ದು ಅವನು ಕೂಗದೆ ಬೇಲಿ ದಾಟಲಿ ಎಂದು.

“ಕೂ...” ಎಂದು ಅವನು ಕೂಗಿದ.

ಮಾವ ಎರಡೂ ಕೈಯನ್ನು ಬಾಯಿಗೆ ಹಿಡಿದು ಮರುಕೂಗು ಕೊಟ್ಟರು. ಆ ವಯಸ್ಸಿನಲ್ಲಿ ಅವರಿಗೆ ಅಷ್ಟು ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಅವನು ಬೇಲಿ ದಾಟಿದ. ಹಂದಿ ನಮ್ಮ ಅಂಚಿನಲ್ಲೇ ಬಿದ್ದಿತ್ತು.

“ನೋಡಿದ್ರಾ?” ಎಂದು ಮಾವ ನನ್ನ ತೋಳು ಹಿಡಿದರು. “ಮೇಷ್ಟ್ರು ಹೇಳಿದ್ದು ಹೇಳ್ದಂಗೇ ಆಯ್ತು. ಇದನ್ನ ನಿಮ್ಮ ಪೇಪರ್ನಾಗೆ ಹಾಕ್ಬೇಕು ನೀವು.”

“ಜಗಳ ಆಗ್ಲಿಲ್ಲ ಅನ್ನೋದು ಸುದ್ದಿ ಆಗಲ್ಲ ಮಾವ.”

“ಆಗಿದ್ರೆ?”

“ಆಗಿದ್ರೆ ಆಗ್ತಿತ್ತು.”

ಮಾವ ನನ್ನನ್ನು ಒಮ್ಮೆ ನೋಡಿದರು. “ಕಷ್ಟದ ಕೆಲ್ಸ ನಿಮ್ದು,” ಎಂದು ಹಂದಿ ನೋಡಲು ಹೋದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ, ನಿಜವಾಗಿಯೂ ಮರುಕವಿತ್ತು.

ಸುದ್ದಿ ಎಂದರೆ ಏನು ಎಂಬುದರ ಬಗ್ಗೆ ಆಮೇಲೆ ಎಷ್ಟೋ ವರ್ಷ ಹೊಸಬರಿಗೆ ಪಾಠ ಹೇಳಿದ್ದೇನೆ. ಯುದ್ಧ ನಡೆದದ್ದನ್ನು ಬರೆಯುವವರು ನಾವು. ಎರಡು ರಾಜ್ಯಗಳ ನಡುವೆ ಕೂಗು, ಮರುಕೂಗು ಸರಿಯಾಗಿ ನಡೆದ ಸಾವಿರ ಬೆಳಗುಗಳನ್ನು ಬರೆದಿಟ್ಟವರಿಲ್ಲ. ಅವನ್ನು ಊಹಿಸಿ ಯೋಚಿಸಿದವರು ಷಡ್ಡಕ ಓದುತ್ತಿದ್ದ ಆ ತತ್ತ್ವಜ್ಞಾನಿಗಳು. ಈ ಮಾತನ್ನು ನಾನು ಅವನಿಗೆ ಎಂದೂ ಹೇಳಲಿಲ್ಲ. ಹೇಳುವ ಮನಸ್ಸು ಈಗಲೂ ಇಲ್ಲ.

ಪಾಲು ಹಾಕಿದ ಮೇಲೆ ನೆರೆಯವನೇ ಮಾವನ ಮನೆಗೆ ಸಲ್ಲಬೇಕಾದ ಮಾಂಸ ತಂದು ಕೊಟ್ಟ. ಮಾವ ಅದರಲ್ಲಿ ಎರಡು ಕಟ್ಟು ಮಾಡಿ ಬಾಳೆಲೆಯಲ್ಲಿ ಸುತ್ತಿ, ಒಂದೊಂದು ಕೈಚೀಲಕ್ಕೆ ಹಾಕಿದರು. ಒಂದು ನಮಗೆ. ಇನ್ನೊಂದನ್ನು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರಿಗೆ ಕೊಟ್ಟು, ಮೇಷ್ಟರ ಮನೆಗೆ ಮುಟ್ಟಿಸಲು ಹೇಳಬೇಕೆಂದು ನನಗೇ ವಹಿಸಿದರು.

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸು ಬರುವುದು ತಡವಾಯಿತು. ಎರಡೂ ಕೈಯಲ್ಲಿ ಒಂದೊಂದು ಚೀಲ ಹಿಡಿದು ನಿಂತಿದ್ದೆ. ಒಂದನ್ನು ಸ್ವಲ್ಪ ಎತ್ತಿ ನೋಡಿದೆ, ಆಮೇಲೆ ಇನ್ನೊಂದನ್ನು. ಕೈ ಬದಲಾಯಿಸಿ ಮತ್ತೊಮ್ಮೆ ನೋಡಿದೆ. ಅನುಮಾನವಿರಲಿಲ್ಲ, ತೀರ್ಥಹಳ್ಳಿಯದೇ ಭಾರ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು.

“ಅದ್ರಲ್ಲಿ ಮೂಳೆ ಜಾಸ್ತಿ ಇರ್ಬೌದು ಬಿಡಿ,” ಎಂದಳು.